ಸಮೋವಾದ ಸಬ್ಬತ್ ಭಾನುವಾರ ಏಕೆ?

ಪ್ರಶ್ನೆ: ಸೆವೆಂತ್ ಡೇ ಅಡ್ವೆಂಟಿಸ್ಟ್ ಕ್ರೈಸ್ತರಿಗೆ ಶನಿವಾರವೇ ಸಬ್ಬತ್. ಆದರೆ ಸಮೋವಾದಲ್ಲಿ ಅವರು ಭಾನುವಾರ ಚರ್ಚಿಗೆ ಹೋಗುತ್ತಾರಂತೆ. ಇದು ಹೇಗೆ?

ಸಬ್ಬತ್ ಎಂದರೆ ವಿಶ್ರಾಂತಿಯ ದಿನ. ಏಳನೇ ದಿನ ವಿಶ್ರಮಿಸಬೇಕೆಂಬುದು ಮೋಶೆಯ ಹತ್ತು ಆಜ್ಞೆಗಳಲ್ಲಿ ಒಂದು. ಯೆಹೂದ್ಯರಿಗೆ ಅದು ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ. ಯೇಸು ಪುನರುತ್ಥಾನಗೊಂಡದ್ದು ಭಾನುವಾರವೆಂದು ಬಹುಪಾಲು ಕ್ರೈಸ್ತರು ಆ ದಿನವನ್ನು ಆರಿಸಿಕೊಂಡರು. ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನೇ ರಜಾದಿನವೆಂದು ಸಾರಿದ. ಅಡ್ವೆಂಟಿಸ್ಟರು ಇದನ್ನು ಒಪ್ಪದೆ ಶನಿವಾರವನ್ನೇ ಪಾಲಿಸುತ್ತಾರೆ.

ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಸಮೋವಾದಲ್ಲಿ ತೊಡಕು ತಂದದ್ದು ಅಂತರರಾಷ್ಟ್ರೀಯ ದಿನರೇಖೆ. ರೇಖೆಯ ಪೂರ್ವಕ್ಕೆ ಶನಿವಾರವಿದ್ದಾಗ ಪಶ್ಚಿಮಕ್ಕೆ ಭಾನುವಾರ. ಸಮೋವಾ 1892ರಿಂದ ಪೂರ್ವದ ಲೆಕ್ಕದಲ್ಲಿತ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆಗಿನ ವ್ಯಾಪಾರಕ್ಕೆ ಅನುಕೂಲವಾಗಲೆಂದು 2011ರ ಕೊನೆಯಲ್ಲಿ ಸರ್ಕಾರ ಪಶ್ಚಿಮದ ಲೆಕ್ಕಕ್ಕೆ ಬದಲಾಯಿಸಿತು. ಡಿಸೆಂಬರ್ 29ರ ಗುರುವಾರ ರಾತ್ರಿ ಮಲಗಿದವರು ಎದ್ದದ್ದು 31ರ ಶನಿವಾರ. ನಡುವಿನ ಶುಕ್ರವಾರ ಕ್ಯಾಲೆಂಡರಿನಿಂದಲೇ ಮಾಯ!

ಈಗ ಏಳರ ಎಣಿಕೆ ಏನಾಗಬೇಕು? ಗಡಿ ಬದಲಾಗಿ ನಿಮ್ಮೂರು ಪಕ್ಕದ ತಾಲ್ಲೂಕಿಗೆ ಸೇರಿತೆನ್ನಿ. ಪಹಣಿಯಲ್ಲಿ ತಾಲ್ಲೂಕಿನ ಹೆಸರು ಬದಲಾದೀತು, ಹೊಲವೇನೂ ಕದಲುವುದಿಲ್ಲ. ಸಮೋವಾದ ಅಡ್ವೆಂಟಿಸ್ಟ್ ಮುಖಂಡರ ವಾದವೂ ಹೀಗೇ: ಸೂರ್ಯಾಸ್ತಗಳನ್ನು ಬಿಡದೆ ಎಣಿಸಿದರೆ, ಹಳೆಯ ಶನಿವಾರಕ್ಕೇ ಈಗ ಭಾನುವಾರವೆಂಬ ಹೆಸರು. ತರ್ಕ ಗಟ್ಟಿಯಾಗಿಯೇ ಇದೆ. ಆದರೂ ಒಂದಷ್ಟು ಮಂದಿ ಕ್ಯಾಲೆಂಡರಿನ ಶನಿವಾರವೇ ಸರಿಯೆಂದು ಬೇರೆಯಾಗಿ ಸೇರತೊಡಗಿದರು. ನೆರೆಯ ಟೊಂಗಾದಲ್ಲಿ ಮಾತ್ರ ಅಡ್ವೆಂಟಿಸ್ಟರು ಬಹಳ ಹಿಂದಿನಿಂದಲೂ ಭಾನುವಾರವೇ ಸಬ್ಬತ್ ಆಚರಿಸುತ್ತಿದ್ದಾರೆ.