ತಾರೆಯ ಬಳಿಯ ದೈತ್ಯಗ್ರಹ

ಪೆಗಾಸಸ್ ನಕ್ಷತ್ರಪುಂಜದ 51ನೆಯ ತಾರೆಯನ್ನು ಸುತ್ತುವ ಅನಿಲಗ್ರಹವೊಂದನ್ನು ಮಿಶೆಲ್ ಮೇಯರ್, ದಿದಿಯೆ ಕೆಲೋ ಎಂಬ ಸ್ವಿಸ್ ವಿದ್ವಾಂಸರು 1995ರಲ್ಲಿ ಪ್ರಕಟಪಡಿಸಿದರು. ಗ್ರಹವು ಕಣ್ಣಿಗೆ ಬಿದ್ದುದಲ್ಲ; ಅದರ ಸೆಳೆತದಿಂದ ತಾರೆಯು ಒಮ್ಮೆ ಇತ್ತ, ಒಮ್ಮೆ ಅತ್ತ ಓಲಾಡುವುದನ್ನು ವರ್ಣಪಟಲದ ರೇಖೆಗಳ ಪಲ್ಲಟದಿಂದ ಅಳೆದು ಅನುಮಾನಪ್ರಮಾಣದಿಂದ ತಿಳಿದುದು. ಬುಧನ ಸೂರ್ಯಪ್ರದಕ್ಷಿಣೆಗೆ 88 ದಿನ ಬೇಕು; ಗುರುವಿನ ಜಾತಿಯ ಈ ಗ್ರಹಕ್ಕೆ ಸುಮಾರು 4.2 ದಿನ ಸಾಕು. ತಾರೆಗೆ ಅಷ್ಟು ಸಮೀಪವಾದುದರಿಂದ ಅದರ ತಾಪ ಸುಮಾರು 1000 ಡಿಗ್ರಿ.

ಇತಿಹಾಸದ ಅಭ್ಯಾಸಿಗಳಾದ ನಮ್ಮನ್ನು ಸೆಳೆಯುವುದು ಬೇರೊಂದು ಸಂಗತಿ. ಇಂಥ ಗ್ರಹಗಳಿರಬಹುದೆಂದೂ ಇದೇ ಕ್ರಮದಿಂದ ಅವನ್ನು ಅರಸಬಹುದೆಂದೂ ಆಟೊ ಸ್ಟ್ರೂವ 1952ರಲ್ಲಿಯೇ ಬರೆದಿದ್ದರು. ಆದರೆ ನಮ್ಮ ಸೌರವ್ಯೂಹವೊಂದನ್ನೇ ಮಾದರಿಯಾಗಿ ಹಿಡಿದವರು, ದೊಡ್ಡ ಗ್ರಹಗಳು ದೂರದಲ್ಲಿಯೇ ಇರತಕ್ಕವೆಂದು ವರ್ಷಗಟ್ಟಲೆ ನಡೆಯುವ ಓಲಾಟವನ್ನೇ ಹುಡುಕಿದರು. ಸೂಕ್ಷ್ಮೋಪಕರಣಗಳ ಕೊರತೆಯೂ ಇದ್ದಿತೆನ್ನಿ. ಸ್ಟ್ರೂವ 1963ರಲ್ಲಿ ತೀರಿಕೊಂಡರು. ಮೇಯರ್, ಕೆಲೋ ಅವರಿಗೆ 2019ರಲ್ಲಿ ನೊಬೆಲ್ ಪಾರಿತೋಷಿಕ ಸಂದಿತು.