ಖಾಲಾ ಲಿವರ್‌ನ ಗುಳ್ಳೆ ಮತ್ತು ನಮ್ಮ ಜೀವಶಾಸ್ತ್ರ ಪಾಠ

ಕಳೆದ ವರ್ಷ ನನ್ನ ಖಾಲಾಗೆ ಬಲಪಕ್ಕೆಯ ಕೆಳಗೆ ಸದಾ ಭಾರವೆನಿಸುತ್ತಿತ್ತು. ಗ್ಯಾಸ್ ಇರಬೇಕೆಂದು ಸುಮ್ಮನಿದ್ದರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಲಿವರ್‌ನಲ್ಲಿ ನೀರು ತುಂಬಿದ ದೊಡ್ಡ ಗುಳ್ಳೆ ಕಂಡಿತು. ಅದು ‘ಹೈಡಾಟಿಡ್ ಸಿಸ್ಟ್’, ಅಂದರೆ ಒಂದು ಲಾಡಿಹುಳುವಿನ ಲಾರ್ವಾ ಎಂದು ವೈದ್ಯರು ಹೇಳಿದಾಗ ಮನೆಯವರೆಲ್ಲ ಬೆಚ್ಚಿಬಿದ್ದೆವು.

“ಮಾಂಸ ಸರಿಯಾಗಿ ಬೇಯದೆ ಹೀಗಾಯಿತೇ ಡಾಕ್ಟ್ರೇ?” ಎಂದು ಅಮ್ಮಿ ಕೇಳಿದರು.

“ಇಲ್ಲಮ್ಮಾ, ಇದು ನಾಯಿಯಿಂದ ಬರುವಂಥದ್ದು” ಎಂದರು ವೈದ್ಯರು.

ಆ ಮಾತಿನ ಬೆನ್ನುಹತ್ತಿ ಓದಿದಾಗ, ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ‘ಜೀನ್ ಎಕ್ಸ್‌ಪ್ರೆಶನ್’ ಪಾಠ ನನಗೆ ನಿಜವಾಗಿ ಅರ್ಥವಾಯಿತು.

ಈ ಹುಳುವಿನ ಹೆಸರು ಎಕಿನೊಕಾಕಸ್ ಗ್ರಾನುಲೋಸಸ್. ಬೆಳೆದ ಹುಳು ಕೆಲವೇ ಮಿಲಿಮೀಟರ್ ಉದ್ದ. ಅದರ ವಾಸ ನಾಯಿಯ ಸಣ್ಣ ಕರುಳಿನಲ್ಲಿ. ಮೊಟ್ಟೆಗಳು ನಾಯಿಯ ಮಲದೊಂದಿಗೆ ಹೊರಬಿದ್ದು ಹುಲ್ಲು, ಮಣ್ಣು, ನೀರು ಸೇರುತ್ತವೆ. ಮೇಯುವ ಕುರಿ ಅವನ್ನು ನುಂಗಿದರೆ ಅದರ ಲಿವರ್ ಅಥವಾ ಶ್ವಾಸಕೋಶದಲ್ಲಿ ಗುಳ್ಳೆ ಬೆಳೆಯುತ್ತದೆ. ಗುಳ್ಳೆಯೊಳಗೆ ‘ಪ್ರೋಟೋಸ್ಕೋಲೆಕ್ಸ್’ ಎಂಬ ಸೂಕ್ಷ್ಮ ಹುಳುತಲೆಗಳು ಹುಟ್ಟುತ್ತವೆ. ಆ ಲಿವರನ್ನು ನಾಯಿ ತಿಂದರೆ ಚಕ್ರ ಪೂರ್ತಿಯಾಗುತ್ತದೆ. ತೊಳೆಯದ ಸೊಪ್ಪು, ಕೊಳೆಯಾದ ಕೈಗಳ ಮೂಲಕ ಮೊಟ್ಟೆ ನುಂಗಿದ ಮನುಷ್ಯ ಕುರಿಯ ಜಾಗದಲ್ಲಿ ಸಿಕ್ಕಿಬೀಳುತ್ತಾನೆ.

ಮೊಟ್ಟೆಯೊಳಗಿನ ಮರಿ, ಗುಳ್ಳೆ, ಬೆಳೆದ ಹುಳು ಮೂರಕ್ಕೂ ಇರುವುದು ಒಂದೇ ಡಿಎನ್‌ಎ. ಹಾಗಾದರೆ ರೂಪ ಬದಲಾಗುವುದು ಹೇಗೆ? ಲ್ಯಾಕ್ ಒಪೆರಾನ್ ನೆನಪಿಸಿಕೊಳ್ಳಿ. ಲ್ಯಾಕ್ಟೋಸ್ ಸಿಕ್ಕಾಗ ಬ್ಯಾಕ್ಟೀರಿಯಾ ಅದಕ್ಕೆ ಬೇಕಾದ ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಈ ಹುಳುವಿನ ನಿಯಂತ್ರಣ ಇನ್ನೂ ಜಟಿಲವಾದರೂ ಮೂಲ ವಿಚಾರ ಅದೇ: ಎಲ್ಲ ಜೀನ್‌ಗಳೂ ಎಲ್ಲ ಹೊತ್ತಿನಲ್ಲೂ ಕೆಲಸ ಮಾಡುವುದಿಲ್ಲ. ಪ್ರೋಟೋಸ್ಕೋಲೆಕ್ಸ್ ನಾಯಿಯ ಕರುಳು ಸೇರಿದರೆ, ಅಲ್ಲಿನ ಪಿತ್ತರಸದಂಥ ಸೂಚನೆಗಳಿಂದ ಹುಳುವಾಗಿ ಬೆಳೆಯುತ್ತದೆ. ಅದೇ ಮನುಷ್ಯನ ಹೊಟ್ಟೆಯೊಳಗೆ ಚೆಲ್ಲಿದರೆ ಮತ್ತೊಂದು ಗುಳ್ಳೆಯಾಗುತ್ತದೆ! ಖಾಲಾಗೆ ಆಪರೇಷನ್‌ಗೆ ಮೊದಲೇ ಆಲ್ಬೆಂಡಜೋಲ್ ಮಾತ್ರೆ ಕೊಟ್ಟಿದ್ದು, ಗುಳ್ಳೆ ಒಡೆಯದಂತೆ ಅಷ್ಟು ಎಚ್ಚರ ವಹಿಸಿದ್ದು ಇದಕ್ಕೇ.

ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ತಿಳಿಯಲು ವಿಜ್ಞಾನಿಗಳು ಎಂಆರ್‌ಎನ್‌ಎ ನೋಡುತ್ತಾರೆ. ಕಸಾಯಿಖಾನೆಯಲ್ಲಿ ಸಿಗುವ ಕುರಿಯ ಲಿವರ್‌ನಿಂದ ಗುಳ್ಳೆ ತೆಗೆದು, ಆರ್‌ಎನ್‌ಎ ಬೇಗ ಕೆಡುವುದರಿಂದ ತಣ್ಣಗೆ ಕಾಪಾಡಿ, ಅದನ್ನು ಬೇರ್ಪಡಿಸುತ್ತಾರೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದಿಂದ ಅದನ್ನು ಡಿಎನ್‌ಎ ಪ್ರತಿಯಾಗಿಸಿ, ಅಕ್ಷರಕ್ರಮ ಓದಿ, ಯಾವ ಜೀನ್‌ನ ಪ್ರತಿಗಳು ಎಷ್ಟಿವೆ ಎಂದು ಎಣಿಸುತ್ತಾರೆ. ಕುರಿಯ ಆರ್‌ಎನ್‌ಎ ಕೂಡ ಬೆರೆತಿರಬಹುದು. ಹುಳುವಿನ ಪೂರ್ಣ ಜೀನೋಮ್‌ನೊಂದಿಗೆ ತಾಳೆ ನೋಡಿ ಅದನ್ನು ಬೇರೆ ಮಾಡಬೇಕು. 2013ರಲ್ಲಿ ಈ ಹುಳುವಿನ ಜೀನೋಮ್ ಪ್ರಕಟವಾದ ಮೇಲೆ ಈ ಕೆಲಸ ಸುಲಭವಾಯಿತು.

ಇದರಿಂದ ಲಾಭವೇನು? ಹುಳುವಿಗೆ ಸ್ವಂತವಾಗಿ ಕೊಬ್ಬಿನಾಮ್ಲ ತಯಾರಿಸುವ ಜೀನ್‌ಗಳೇ ಇಲ್ಲವೆಂದು ಜೀನೋಮ್ ತೋರಿಸಿತು. ಅದು ನಮ್ಮಿಂದಲೇ ಕದಿಯಬೇಕು. ಗುಳ್ಳೆಯ ಹಂತದಲ್ಲಿ ಹೇರಳವಾಗಿ ತಯಾರಾಗುವ ‘ಆಂಟಿಜೆನ್ ಬಿ’ ಎಂಬ ಪ್ರೋಟೀನ್ ಕೊಬ್ಬನ್ನು ಹಿಡಿದುಕೊಳ್ಳಬಲ್ಲದು. ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು ರಕ್ತಪರೀಕ್ಷೆಯಲ್ಲಿ ಹುಡುಕುತ್ತಾರೆ. ಇನ್ನು ಮೊಟ್ಟೆಯೊಳಗಿನ ಮರಿ ತಯಾರಿಸುವ ‘ಇಜಿ95’ ಎಂಬ ಪ್ರೋಟೀನ್‌ನಿಂದ ಮಾರ್ಷಲ್ ಲೈಟೌಲರ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕುರಿಗಳಿಗೆ ಲಸಿಕೆ ರೂಪಿಸಿದರು. ಯಾವ ಹಂತದಲ್ಲಿ ಯಾವ ಜೀನ್ ಕೆಲಸ ಮಾಡುತ್ತದೆಂದು ಗೊತ್ತಾದರೆ, ಎಲ್ಲಿ ತಡೆಯಬೇಕೆಂಬುದೂ ಗೊತ್ತಾಗುತ್ತದೆ.

ಪ್ರಯೋಗಾಲಯವಿಲ್ಲದೆ ನಾವೂ ಈ ಚಕ್ರವನ್ನು ತುಂಡರಿಸಬಹುದು. ಬಕ್ರೀದ್‌ನಲ್ಲಾಗಲಿ ಬೇರೆ ದಿನದಲ್ಲಾಗಲಿ, ಲಿವರ್ ಅಥವಾ ಶ್ವಾಸಕೋಶದಲ್ಲಿ ನೀರ್ಗುಳ್ಳೆ ಕಂಡರೆ ನಾಯಿಗಳಿಗೆ ಎಸೆಯಬೇಡಿ. ಸುಟ್ಟುಹಾಕಿ, ಇಲ್ಲವೇ ನಾಯಿ ಕೆದಕದಷ್ಟು ಆಳವಾಗಿ ಹೂಳಿ. ಸೊಪ್ಪು ತೊಳೆಯಿರಿ, ನಾಯಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಸಾಕುನಾಯಿಗೆ ಪಶುವೈದ್ಯರಿಂದ ಹುಳುವಿನ ಔಷಧಿ ಕೊಡಿಸಿ.

ಖಾಲಾ ಈಗ ಚೆನ್ನಾಗಿದ್ದಾರೆ. ಗುಳ್ಳೆ ಮರಳಬಹುದೆಂದು ಆಗಾಗ ಸ್ಕ್ಯಾನ್‌ಗೆ ಹೋಗುತ್ತಾರೆ. ಕಳೆದ ಸಲ ಜೊತೆಗೆ ಹೋಗಿದ್ದೆ. “ನಿನ್ನ ಪುಸ್ತಕದಲ್ಲಿ ಇದೆಲ್ಲ ಇದೆಯೇನೋ?” ಎಂದು ಕೇಳಿದರು. “ಇದೆ ಖಾಲಾ, ಮೊದಲು ನನಗೇ ಗೊತ್ತಿರಲಿಲ್ಲ” ಎಂದೆ.