ಅಕ್ಷರಗಳು ಅವೇ, ಪದಗಳು ಬೇರೆ: ಇಂಗ್ಲಿಷಿನ ಕಿರುಪದಗಳ ಬೋಧನೆ

ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದಿಸುವಾಗ ಮಕ್ಕಳು ಎಡವುವುದು ದೊಡ್ಡ ಪದಗಳಲ್ಲಿಯೇ ಎಂದು ಭಾವಿಸಬೇಕಾಗಿಲ್ಲ. 'ಎಲಿಫೆಂಟ್' ಎಂಬುದನ್ನು ತಡವರಿಸದೆ ಓದಿದ ವಿದ್ಯಾರ್ಥಿಯೇ ಮುಂದಿನ ಸಾಲಿನ ಎರಡು ಮೂರು ಅಕ್ಷರಗಳ ಪದದ ಬಳಿ ತಪ್ಪುವುದುಂಟು. 'ಆನ್' ಇದ್ದಲ್ಲಿ 'ನೋ' ಎನ್ನುತ್ತಾನೆ, 'ಸಾ' ಇದ್ದಲ್ಲಿ 'ವಾಜ್' ಎನ್ನುತ್ತಾನೆ. 'ನಾನೊಂದು ನಾಯಿಯನ್ನು ನೋಡಿದೆನು' ಎಂಬ ವಾಕ್ಯ ಆಗ 'ನಾನೊಂದು ನಾಯಿಯಾಗಿದ್ದೆನು' ಎಂದಾಗುತ್ತದೆ. ತರಗತಿ ನಗುತ್ತದೆ. ಹೀಗೆ ಎರಡು ಮೂರು ಬಾರಿ ನಗೆಗೀಡಾದ ಮಗು ಗಟ್ಟಿಯಾಗಿ ಓದುವುದನ್ನೇ ನಿಲ್ಲಿಸಿಬಿಡುತ್ತದೆ.

ಈ ತಪ್ಪನ್ನು ಅಜಾಗರೂಕತೆ ಎಂದೋ ಮಂದಬುದ್ಧಿ ಎಂದೋ ಎಣಿಸುವುದು ಸರಿಯಲ್ಲ. ಬಹುತೇಕ ಸಂದರ್ಭಗಳಲ್ಲಿ ಮಗು ತಾನು ಕಲಿತ ಲಿಪಿಯ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತದೆ. ಆ ನಿಯಮ ಇಂಗ್ಲಿಷಿಗೆ ಹೊಂದುವುದಿಲ್ಲ, ಅಷ್ಟೆ. ಇದು ಹೇಗೆಂಬುದನ್ನು ವಿವರಿಸಿ, ಬೋಧನೆಯ ಕ್ರಮವನ್ನು ಸೂಚಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಇಂಗ್ಲಿಷ್ ಕಾಗುಣಿತವನ್ನು 'ಓ-ಎನ್' ಎಂಬಂತೆ ಅಕ್ಷರಗಳ ಹೆಸರಿನಿಂದ ಸೂಚಿಸಿದೆ. ತರಗತಿಯಲ್ಲಿ ಶಿಕ್ಷಕರು ಕಪ್ಪುಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳನ್ನೇ ಬರೆಯತಕ್ಕದ್ದು.

1. ನಮ್ಮ ಮಕ್ಕಳ ಲಿಪಿಜ್ಞಾನ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಈ ಭಾಗದ ಕನ್ನಡ ಮಗು ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ತೆಲುಗನ್ನೂ ಕೇಳಿ ಬೆಳೆಯುತ್ತದೆ. ಶಾಲೆಯಲ್ಲಿ ಕನ್ನಡ ಲಿಪಿಯನ್ನು ಕಲಿತ ಬಳಿಕ ತೆಲುಗು ಲಿಪಿ ಅದಕ್ಕೆ ಬಹುಬೇಗ ಕೈವಶವಾಗುತ್ತದೆ, ಏಕೆಂದರೆ ಎರಡೂ ಒಂದೇ ಮೂಲದಿಂದ ಬೆಳೆದವು. ಮೇಲಿನ ತರಗತಿಗಳಲ್ಲಿ ಕಲಿಯುವ ಹಿಂದಿಯ ಅಕ್ಷರಗಳ ಆಕಾರ ಬೇರೆಯಾದರೂ ವರ್ಣಮಾಲೆಯ ಕ್ರಮ ಅದೇ.

ಈ ಮೂರು ಲಿಪಿಗಳೂ ಮಗುವಿಗೆ ಒಂದೇ ನಂಬಿಕೆಯನ್ನು ಕಲಿಸುತ್ತವೆ: ಅಕ್ಷರದ ಹೆಸರೇ ಅದರ ಧ್ವನಿ, ಮತ್ತು ಅಕ್ಷರ ಎಲ್ಲಿಯೇ ಕುಳಿತರೂ ಆ ಧ್ವನಿ ಬದಲಾಗುವುದಿಲ್ಲ. 'ಸರ' ಎಂಬುದನ್ನು ತಿರುಗಿಸಿದರೆ 'ರಸ', 'ಜಗ' ತಿರುಗಿದರೆ 'ಗಜ', 'ನವ' ತಿರುಗಿದರೆ 'ವನ'. ಅರ್ಥ ಬದಲಾಯಿತು, ಆದರೆ 'ಸ'ಕಾರ 'ಸ'ಕಾರವಾಗಿಯೇ ಉಳಿಯಿತು. ಕನ್ನಡ ಮತ್ತು ತೆಲುಗುಗಳ ನಡುವೆ ಕೂಡ ಹೀಗೆಯೇ. 'ಕೋಡಿ' ನಮಗೆ ಕೆರೆಯ ಹೆಚ್ಚುವರಿ ನೀರು ಹರಿಯುವ ಜಾಗ, ತೆಲುಗಿನಲ್ಲಿ ಕೋಳಿ. 'ಸಾಕು' ನಮಗೆ ತೃಪ್ತಿಯ ಮಾತು, ತೆಲುಗಿನಲ್ಲಿ ನೆಪ. 'ಏರು' ನಮಗೆ ಹತ್ತುವುದು, ತೆಲುಗಿನಲ್ಲಿ ಹೊಳೆ. ಭಾಷೆ ಬದಲಾದಾಗ ಅರ್ಥ ಬದಲಾಗುತ್ತದೆ ಎಂಬುದನ್ನು ನಮ್ಮ ಮಕ್ಕಳು ಯಾರೂ ಹೇಳಿಕೊಡದೆಯೇ ಬಲ್ಲರು. ಆದರೆ ಅಕ್ಷರದ ಧ್ವನಿಯೇ ಬದಲಾಗುವ ಲಿಪಿಯನ್ನು ಅವರು ಮೊದಲು ಕಾಣುವುದು ಇಂಗ್ಲಿಷಿನಲ್ಲಿ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಮ್ಮ ಬರವಣಿಗೆಯಲ್ಲಿ ಅಕ್ಷರವೆಂಬುದು ಒಂದು ಇಡಿಯಾದ ಘಟಕ. ಅದರೊಳಗಿನ ಗುರುತುಗಳು ಉಚ್ಚಾರಣೆಯ ಕ್ರಮದಲ್ಲಿಯೇ ನಿಲ್ಲಬೇಕೆಂಬ ನಿರ್ಬಂಧವಿಲ್ಲ. 'ಸೂರ್ಯ' ಎನ್ನುವಾಗ ರೇಫವನ್ನು ಮೊದಲು ಉಚ್ಚರಿಸುತ್ತೇವೆ, ಅರ್ಕಾವತ್ತನ್ನು ನಂತರ ಬರೆಯುತ್ತೇವೆ. ಹಿಂದಿಯಲ್ಲಿ ಹ್ರಸ್ವ ಇಕಾರದ ಚಿಹ್ನೆ ವ್ಯಂಜನಕ್ಕೆ ಮೊದಲು ನಿಲ್ಲುತ್ತದೆ, ಆದರೆ ಉಚ್ಚಾರಣೆಯಲ್ಲಿ ನಂತರ ಬರುತ್ತದೆ. ಹೀಗೆ ಗುಂಪನ್ನು ಒಟ್ಟಾಗಿ ನೋಡುವ ಕಣ್ಣಿಗೆ 'ಓ-ಎನ್' ಮತ್ತು 'ಎನ್-ಓ' ಒಂದೇ ಗುಂಪಾಗಿ ತೋರಿದರೆ ಆಶ್ಚರ್ಯವಿಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಮಕ್ಕಳೂ ಆರಂಭದಲ್ಲಿ ಇಂಥ ಅದಲುಬದಲು ಮಾಡುತ್ತಾರೆ ಎಂಬುದನ್ನು ಇಲ್ಲಿ ನೆನೆಯಬಹುದು.

2. ಮೂರು ಬಗೆಯ ಪದಗಳು

ಬೋಧನೆಯ ಅನುಕೂಲಕ್ಕಾಗಿ ಒಂದೇ ಅಕ್ಷರಗಳುಳ್ಳ ಕಿರುಪದಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯ ಬಗೆಯಲ್ಲಿ ಸ್ಥಾನ ಬದಲಾದರೂ ಧ್ವನಿ ಬದಲಾಗುವುದಿಲ್ಲ.

ಟಿ-ಇ-ಎನ್, ಟೆನ್: ಹತ್ತು
ಎನ್-ಇ-ಟಿ, ನೆಟ್: ಬಲೆ
ಪಿ-ಓ-ಟಿ, ಪಾಟ್: ಮಡಕೆ
ಟಿ-ಓ-ಪಿ, ಟಾಪ್: ಮೇಲ್ಭಾಗ
ಟಿ-ಯು-ಬಿ, ಟಬ್: ತೊಟ್ಟಿ
ಬಿ-ಯು-ಟಿ, ಬಟ್: ಆದರೆ

ಇವು ನಮ್ಮ 'ಸರ-ರಸ'ಗಳಂತೆಯೇ. ಬೋಧನೆ ಇಲ್ಲಿಂದಲೇ ಆರಂಭವಾಗಬೇಕು. ಇಂಗ್ಲಿಷನ್ನು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರವಾಗಿ ಓದಬೇಕೆಂಬ ಅಭ್ಯಾಸ ಮಗುವಿಗೆ ಈ ಪದಗಳಿಂದ ಭದ್ರವಾಗುತ್ತದೆ.

ಎರಡನೆಯ ಬಗೆಯಲ್ಲಿ ಸ್ಥಾನದೊಡನೆ ಧ್ವನಿಯೂ ಬದಲಾಗುತ್ತದೆ. ನಿಜವಾದ ತೊಡಕು ಇರುವುದು ಇಲ್ಲಿಯೇ.

ಇ-ಎ-ಟಿ, ಈಟ್: ತಿನ್ನು
ಎ-ಟಿ-ಇ, ಏಟ್: ತಿಂದೆನು, ತಿಂದನು (ಇಂಗ್ಲೆಂಡಿನಲ್ಲಿ 'ಎಟ್' ಎಂದೂ ಉಚ್ಚರಿಸುತ್ತಾರೆ)
ಟಿ-ಇ-ಎ, ಟೀ: ಚಹಾ

ಮೂರು ಅಕ್ಷರಗಳನ್ನು ಆರು ರೀತಿಯಲ್ಲಿ ಜೋಡಿಸಬಹುದು. ಅವುಗಳಲ್ಲಿ ಮಕ್ಕಳಿಗೆ ಬೇಕಾದ ಪದಗಳು ಈ ಮೂರು. ಮೊದಲ ಮತ್ತು ಮೂರನೆಯ ಪದಗಳಲ್ಲಿ 'ಇ-ಎ' ಜೊತೆಗೂಡಿ ದೀರ್ಘ ಈಕಾರವನ್ನು ಕೊಡುತ್ತವೆ. ಸೀ (ಸಮುದ್ರ), ಮೀಟ್ (ಮಾಂಸ), ರೀಡ್ (ಓದು) ಎಂಬ ಪದಗಳಲ್ಲಿಯೂ ಹೀಗೆಯೇ. ಎರಡನೆಯ ಪದದಲ್ಲಿ ಕೊನೆಯ 'ಇ' ಮೌನವಾಗಿದ್ದು, ಹಿಂದಿನ 'ಎ'ಯನ್ನು ದೀರ್ಘಗೊಳಿಸುತ್ತದೆ. ನೇಮ್, ಗೇಮ್, ಲೇಟ್ ಇದೇ ಜಾತಿಯವು. ಮೂರು ಕಿರುಪದಗಳಿಂದ ಮಗುವಿಗೆ ಎರಡು ನಿಯಮಗಳು ದೊರೆತಂತಾಯಿತು. 'ಬ್ರೆಡ್', 'ಹೆಡ್' ಮುಂತಾದ ಅಪವಾದಗಳಿವೆ. ಅವನ್ನು ನಿಯಮ ಗಟ್ಟಿಯಾದ ಮೇಲೆ ಹೇಳಿದರೆ ಸಾಕು.

ಓ-ಡಬ್ಲ್ಯು-ಎನ್, ಓನ್: ಸ್ವಂತ
ಡಬ್ಲ್ಯು-ಓ-ಎನ್, ವನ್: ಗೆದ್ದೆನು, ಗೆದ್ದನು
ಎನ್-ಓ-ಡಬ್ಲ್ಯು, ನೌ: ಈಗ

ಇಲ್ಲಿ 'ಡಬ್ಲ್ಯು' ಪದದ ಮೊದಲಲ್ಲಿದ್ದಾಗ ವಕಾರ, 'ಓ'ದ ಹಿಂದೆ ನಿಂತಾಗ ಅದರೊಡನೆ ಸೇರಿ ಸ್ವರ. ಆ ಸ್ವರ ನೌ, ಹೌ, ಕೌ (ಹಸು) ಎಂಬಲ್ಲಿ ಔಕಾರ. ಓನ್, ಲೋ, ಶೋ ಎಂಬಲ್ಲಿ ಓಕಾರ. 'ಡಬ್ಲ್ಯು' ಎಂಬ ಹೆಸರಿನಲ್ಲಿ ವಕಾರದ ಸುಳಿವೇ ಇಲ್ಲ. ಆದ್ದರಿಂದ ಅಕ್ಷರಗಳ ಹೆಸರನ್ನು ರಾಗವಾಗಿ ಒಪ್ಪಿಸಿದ ಮಾತ್ರಕ್ಕೆ ಮಗುವಿಗೆ ಓದು ಬಂದಿತೆಂದು ತಿಳಿಯಲಾಗದು.

ಡಬ್ಲ್ಯು-ಎಚ್-ಓ, ಹೂ: ಯಾರು
ಎಚ್-ಓ-ಡಬ್ಲ್ಯು, ಹೌ: ಹೇಗೆ
ಡಬ್ಲ್ಯು-ಎ-ಎಸ್, ವಾಜ್: ಇದ್ದೆನು, ಇದ್ದನು
ಎಸ್-ಎ-ಡಬ್ಲ್ಯು, ಸಾ: ನೋಡಿದೆನು, ನೋಡಿದನು

'ವಾಜ್' ಎಂಬಲ್ಲಿ 'ಎಸ್' ಸಕಾರವಲ್ಲ, ಜಕಾರಕ್ಕೆ ಸಮೀಪವಾದ ಧ್ವನಿ. ಈಜ್, ಹ್ಯಾಜ್ ಎಂಬಲ್ಲಿಯೂ ಹಾಗೆಯೇ. ಹೀಗಾಗಿ ಈ ಜೋಡಿಯಲ್ಲಿ ಒಂದು ಅಕ್ಷರವೂ ತನ್ನ ಧ್ವನಿಯನ್ನು ಉಳಿಸಿಕೊಂಡಿಲ್ಲ. ಮಗು ಇಲ್ಲಿ ತಪ್ಪದಿದ್ದರೇ ಆಶ್ಚರ್ಯ.

ಮೂರನೆಯ ಬಗೆಯ ಪದಗಳು ಕನ್ನಡದ ವಿಭಕ್ತಿ ಪ್ರತ್ಯಯಗಳ ಮತ್ತು ಅವ್ಯಯಗಳ ಕೆಲಸವನ್ನು ಮಾಡುವಂಥವು. 'ಆನ್' ಎಂದರೆ ಮೇಲೆ. ಅದನ್ನು ತಿರುಗಿಸಿದರೆ 'ನೋ', ಎಂದರೆ ಇಲ್ಲ. 'ಎಫ್-ಆರ್-ಓ-ಎಂ' ಫ್ರಮ್, ನಮ್ಮ 'ಇಂದ'. 'ಎಫ್-ಓ-ಆರ್-ಎಂ' ಫಾರಂ, ಅರ್ಜಿಯ ನಮೂನೆ. 'ಓ-ಎಫ್' ಆವ್, ಷಷ್ಠಿಯ ಅರ್ಥ. ಇನ್ನೊಂದು 'ಎಫ್' ಸೇರಿದರೆ ಆಫ್, ಎಂದರೆ ದೂರಕ್ಕೆ ಅಥವಾ ಆರಿದ ಸ್ಥಿತಿ. ನಾವು 'ಆಲೂರಿನಿಂದ ಆದೋನಿಗೆ' ಎಂದು ನಾಮಪದದ ಹಿಂದೆ ಅಂಟಿಸುವುದನ್ನು ಇಂಗ್ಲಿಷ್ 'ಫ್ರಮ್ ಆಲೂರು ಟು ಆದೋನಿ' ಎಂದು ಮೊದಲೇ ಬಿಡಿಯಾಗಿ ನಿಲ್ಲಿಸುತ್ತದೆ. ಇಂಥ ಪದಗಳಿಗೆ ಪಟ್ಟಿಯಲ್ಲಿ ಅರ್ಥ ಬರೆಸಿದರೆ ಪ್ರಯೋಜನವಿಲ್ಲ, ವಾಕ್ಯದಲ್ಲಿಯೇ ಕಲಿಸಬೇಕು.

3. ಕಾಗುಣಿತ ಹೀಗೇಕೆ?

'ಬರೆದಂತೆ ಏಕೆ ಓದುವುದಿಲ್ಲ?' ಎಂದು ಮಕ್ಕಳು ಕೇಳಿದರೆ ಉತ್ತರ ಹೇಳುವುದು ಉಚಿತ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದನು. ಮುದ್ರಣದಿಂದ ಕಾಗುಣಿತ ಮೆಲ್ಲಮೆಲ್ಲನೆ ಒಂದು ರೂಪದಲ್ಲಿ ನೆಲೆನಿಂತಿತು. ಅದೇ ಶತಮಾನಗಳಲ್ಲಿ ಜನರ ಬಾಯಲ್ಲಿ ದೀರ್ಘಸ್ವರಗಳು ಬದಲಾಗುತ್ತಿದ್ದವು. ಬರಹ ನಿಂತಿತು, ಮಾತು ಮುಂದೆ ಹೋಯಿತು. ಚೀನಾದ ಫುಜಿಯಾನ್ ಕರಾವಳಿಯ 'ತೆ' ಎಂಬ ಹೆಸರು ಡಚ್ ವರ್ತಕರ ಮೂಲಕ ಇಂಗ್ಲಿಷಿಗೆ ಬಂದಾಗ ಅದನ್ನು 'ಟೇ' ಎಂದೂ ಉಚ್ಚರಿಸುತ್ತಿದ್ದರು, ಈಗ 'ಟೀ'. ಅದೇ ಗಿಡದ 'ಚಾ' ಎಂಬ ಇನ್ನೊಂದು ಚೀನೀ ಹೆಸರಿನಿಂದ ನಮ್ಮ 'ಚಹಾ' ಬಂದಿದೆ. ಕಾಗುಣಿತದ ವಕ್ರತೆಗೆ ಕಾರಣ ಇತಿಹಾಸವೇ ಹೊರತು ತನ್ನ ದಡ್ಡತನವಲ್ಲ ಎಂದು ತಿಳಿದ ಮಗುವಿಗೆ ಧೈರ್ಯ ಬರುತ್ತದೆ.

4. ತರಗತಿಯಲ್ಲಿ ಅನುಸರಿಸಬೇಕಾದ ಕ್ರಮ

ಅ) ಜೋಡಿಪದಗಳನ್ನು ಒಂದೇ ದಿನ ಪರಿಚಯಿಸಬಾರದು. 'ಸಾ' ಎಂಬುದು ಹಲವು ವಾಕ್ಯಗಳಲ್ಲಿ ರೂಢಿಯಾದ ಮೇಲೆ, ಕೆಲವು ದಿನ ಬಿಟ್ಟು 'ವಾಜ್' ಬರಲಿ. ಎರಡೂ ಬೇರೆಬೇರೆಯಾಗಿ ನೆಲೆನಿಂತ ಬಳಿಕವೇ ಹೋಲಿಕೆ.

ಆ) ಮೊದಲು ಮಾತು, ಆಮೇಲೆ ಬರಹ. ಪುಸ್ತಕವನ್ನು ಮೇಜಿನ ಮೇಲಿಟ್ಟು 'ಆನ್' ಎಂಬುದನ್ನು ಕಿವಿಗೆ ಪರಿಚಯಿಸಿ, ಅರ್ಥವನ್ನು ಕನ್ನಡದಲ್ಲಿ ಹೇಳಿಸಿ, ನಂತರ ಅಕ್ಷರಗಳನ್ನು ತೋರಿಸಬೇಕು.

ಇ) ಹಳೆಯ ಕ್ಯಾಲೆಂಡರು ಅಥವಾ ಮದುವೆಯ ಕರೆಯೋಲೆಗಳಿಂದ ಅಕ್ಷರಪಟ್ಟಿಗಳನ್ನು ಕತ್ತರಿಸಿ, ಮಕ್ಕಳೇ ಸ್ಥಾನ ಬದಲಿಸಿ ಓದುವಂತೆ ಮಾಡಬೇಕು. ಮೊದಲ ಅಕ್ಷರದ ಕೆಳಗೆ ಬೆರಳಿಟ್ಟು ಓದುವ ಅಭ್ಯಾಸ ಅದಲುಬದಲನ್ನು ತಡೆಯುತ್ತದೆ.

ಈ) ತಪ್ಪು ಓದಿದಾಗ 'ತಪ್ಪು' ಎನ್ನುವ ಬದಲು 'ನೀನು ಓದಿದ ವಾಕ್ಯದ ಅರ್ಥವೇನು?' ಎಂದು ಕೇಳಬೇಕು. 'ನಾನೊಂದು ನಾಯಿಯಾಗಿದ್ದೆನು' ಎಂಬ ಅರ್ಥ ತನ್ನ ಕಿವಿಗೇ ಬಿದ್ದರೆ ಮಗು ತಾನೇ ತಿದ್ದಿಕೊಳ್ಳುತ್ತದೆ. ನಗುವುದಾದರೆ ತಾನೂ ನಗುತ್ತದೆ.

ಉ) ಮೌಲ್ಯಮಾಪನದಲ್ಲಿ ಬಿಡಿಪದಗಳ ಉಕ್ತಲೇಖನಕ್ಕಿಂತ ಬಿಟ್ಟಸ್ಥಳ ತುಂಬಿಸುವುದು ಮೇಲು. 'ಕಬಡ್ಡಿಯಲ್ಲಿ ನಾವು ಗೆದ್ದೆವು', 'ಅಪ್ಪ ಈಗ ಬಂದರು', 'ಇದು ನನ್ನ ಸ್ವಂತ ಪುಸ್ತಕ' ಎಂಬ ಅರ್ಥದ ಮೂರು ಇಂಗ್ಲಿಷ್ ವಾಕ್ಯಗಳನ್ನು ಕೊಟ್ಟು, ಅದೇ ಮೂರು ಅಕ್ಷರಗಳ ಯಾವ ಜೋಡಣೆ ಎಲ್ಲಿಗೆ ಸಲ್ಲುತ್ತದೆಂದು ಕೇಳಬಹುದು.

5. ಕನ್ನಡದ ಮೂಲಕವೇ

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು 1956ರ ಏಳನೆಯ ತಿದ್ದುಪಡಿಯಿಂದ ಸೇರಿದ್ದು. ಆದರೂ 'ಕನ್ನಡ ಶಾಲೆಗೆ ಹಾಕಿದರೆ ಇಂಗ್ಲಿಷ್ ಬರುವುದಿಲ್ಲ' ಎಂಬ ಅಂಜಿಕೆಯಿಂದ ಮಕ್ಕಳನ್ನು ಬೇರೆಡೆಗೆ ಕಳುಹಿಸುವ ಪೋಷಕರಿದ್ದಾರೆ. ವಿಧಿಯನ್ನು ಉಲ್ಲೇಖಿಸಿ ಅವರ ಅಂಜಿಕೆಯನ್ನು ಕಳೆಯಲಾಗದು. ಮನೆಯಲ್ಲಿ ಮಗು ಇಂಗ್ಲಿಷ್ ಪುಸ್ತಕದ ಒಂದು ಪುಟವನ್ನು ತಡವರಿಸದೆ ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿದರೆ ಕಳೆಯಬಹುದು.

ಅಂಥ ಪುಟದಲ್ಲಿ ದೊಡ್ಡ ಪದಗಳು ಕೆಲವೇ ಇರುತ್ತವೆ; ಆನ್, ಆವ್, ವಾಜ್, ಫ್ರಮ್, ಹೂ, ನೌ ಸಾಲುಸಾಲಿನಲ್ಲಿಯೂ ಬರುತ್ತವೆ. ಕನ್ನಡದ 'ಸರ-ರಸ'ಗಳಿಂದ ಹೊರಟು, ತೆಲುಗಿನ 'ಕೋಡಿ'ಯನ್ನು ನೆನಪಿಸಿ, ಇಂಗ್ಲಿಷಿನ 'ಈಟ್-ಏಟ್-ಟೀ'ಗಳಿಗೆ ಮಗುವನ್ನು ಕರೆದೊಯ್ಯುವ ಅನುಕೂಲ ಒಂದೇ ಭಾಷೆ ಬಲ್ಲ ತರಗತಿಗೆ ಇಲ್ಲ. ನಮ್ಮ ತರಗತಿಗಳಿಗೆ ಇದೆ. ಶಿಕ್ಷಕ ಬಂಧುಗಳು ವಾರಕ್ಕೆ ಒಂದು ಜೋಡಿಯಂತೆ ಇದನ್ನು ಪಾಠಯೋಜನೆಯಲ್ಲಿ ಅಳವಡಿಸಿಕೊಳ್ಳಬಹುದು.